ಹಾಳೆ ಬದಲಾದರೆ ಕೆಪಾಸಿಟರ್ ಏಕೆ ಬದಲಾಗುತ್ತದೆ? ಮನೆಯಲ್ಲೇ ಅಳೆದು ನೋಡುವ ಬಗೆ

ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬದಲಿಸುವ ಕಂಡೆನ್ಸರ್‌ನ ಮೈಮೇಲೆ ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್ ಎಂದು ಬರೆದಿರುತ್ತದೆ. ಕೆಪಾಸಿಟರ್ ಎಂದರೂ ಅದೇ. ಈ ಸಂಖ್ಯೆ ಅದರ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಆವೇಶವನ್ನು (ಚಾರ್ಜ್) ಹಿಡಿದಿಡುವ ಸಾಮರ್ಥ್ಯ. ಅದನ್ನು ನಿರ್ಧರಿಸುವುದು ಒಳಗಿನ ಲೋಹದ ಪದರಗಳ ವಿಸ್ತೀರ್ಣ, ಅವುಗಳ ನಡುವಿನ ಅಂತರ ಮತ್ತು ಆ ಅಂತರವನ್ನು ತುಂಬಿರುವ ಅವಾಹಕ, ಅಂದರೆ ಡೈಎಲೆಕ್ಟ್ರಿಕ್ ವಸ್ತು. ಈ ಮೂರನೆಯದರ ಪ್ರಭಾವವನ್ನು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮತ್ತು ಕೆಪಾಸಿಟೆನ್ಸ್ ಅಳೆಯುವ ಸೌಲಭ್ಯವಿರುವ ಡಿಜಿಟಲ್ ಮಲ್ಟಿಮೀಟರ್ ಬಳಸಿ ಒಂದು ಮಧ್ಯಾಹ್ನದಲ್ಲಿ ಅಳೆದು ನೋಡಬಹುದು. ಮೀಟರಿನೊಳಗಿನ ಬ್ಯಾಟರಿಯೇ ಇದಕ್ಕೆ ಸಾಕು. ಮನೆಯ ಕರೆಂಟಿಗೆ ಏನನ್ನೂ ಜೋಡಿಸಬಾರದು, ಫ್ಯಾನಿನ ಕಂಡೆನ್ಸರ್ ಬಿಚ್ಚುವ ಗೋಜಿಗೂ ಹೋಗಬಾರದು.

ಹಂತ 1: ಫಾಯಿಲ್‌ನಿಂದ 16 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಎರಡು ತುಂಡುಗಳನ್ನು ಕತ್ತರಿಸಿ. ಪ್ರತಿಯೊಂದರ ಒಂದು ಮೂಲೆಯಲ್ಲಿ ಕ್ಲಿಪ್ ಕಚ್ಚಿಸಲು ಐದಾರು ಸೆಂ.ಮೀ. ಉದ್ದದ ಬಾಲವನ್ನು ಬಿಟ್ಟುಕೊಳ್ಳಿ. ಜೋಡಿಸುವಾಗ ಎರಡು ಬಾಲಗಳೂ ವಿರುದ್ಧ ದಿಕ್ಕಿಗಿರಲಿ. ಸುಕ್ಕು ಬಿದ್ದಿದ್ದರೆ ಬಾಟಲಿಯನ್ನು ಉರುಳಿಸಿ ನೀಟಾಗಿಸಬೇಕು. ಇದು ಅಂದಕ್ಕಾಗಿ ಅಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಹಂತ 2: ಅಳೆಯುವ ಮೊದಲು ಲೆಕ್ಕ ಹಾಕಿಟ್ಟುಕೊಳ್ಳಿ. ನೂರು ಎ4 ಹಾಳೆಗಳ ಕಟ್ಟು ಸುಮಾರು ಒಂದು ಸೆಂ.ಮೀ. ಎತ್ತರವಿರುವುದರಿಂದ ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಎಂದಾಯಿತು. 400 ಚದರ ಸೆಂ.ಮೀ.ನ ಎರಡು ಫಾಯಿಲ್‌ಗಳ ನಡುವೆ ಇಷ್ಟೇ ಅಂತರದಲ್ಲಿ ಬರೀ ಗಾಳಿ ಇದ್ದರೆ ಕೆಪಾಸಿಟೆನ್ಸ್ ಸುಮಾರು 3.5 ನ್ಯಾನೊಫ್ಯಾರಡ್ (ಮೈಕ್ರೊಫ್ಯಾರಡ್‌ನ ಸಾವಿರದಲ್ಲೊಂದು ಭಾಗ ಒಂದು ನ್ಯಾನೊಫ್ಯಾರಡ್) ಬರುತ್ತದೆ. ಗಾಳಿಯ ಅಂತರವನ್ನು ಕೈಯಲ್ಲಿ ಇಷ್ಟು ನಿಖರವಾಗಿ ಹಿಡಿದಿಡುವುದು ಆಗದ ಕೆಲಸ. ಆದ್ದರಿಂದ ಲೆಕ್ಕದ ಈ ಸಂಖ್ಯೆಯೇ ನಮ್ಮ ಅಳತೆಗೋಲು.

ಹಂತ 3: ಮೇಜಿನ ಮೇಲೆ ಒಂದು ಫಾಯಿಲ್, ಅದರ ಮೇಲೆ ಎ4 ಹಾಳೆ, ಅದರ ಮೇಲೆ ಇನ್ನೊಂದು ಫಾಯಿಲ್ ಇಡಿ. ಹಾಳೆ ಎಲ್ಲ ಕಡೆಯೂ ಹೊರಚಾಚಿರಬೇಕು, ಫಾಯಿಲ್‌ಗಳು ಎಲ್ಲಿಯೂ ಒಂದಕ್ಕೊಂದು ತಾಗಬಾರದು. ಮೀಟರಿನ ಕ್ಲಿಪ್‌ಗಳು ಏನನ್ನೂ ಕಚ್ಚದಿರುವಾಗ ತೋರಿಸುವ ಅಳತೆಯನ್ನು ಬರೆದಿಟ್ಟುಕೊಂಡು, ಆಮೇಲೆ ಬರುವ ಪ್ರತಿ ಅಳತೆಯಿಂದ ಕಳೆಯಿರಿ. ಮೊದಲ ಅಳತೆ ಬಹುತೇಕ ನಿರಾಸೆಯನ್ನೇ ತರುತ್ತದೆ. ಈಗ ಮೇಲೊಂದು ಒಣ ಮಣೆ ಇಟ್ಟು, ಅದರ ಮೇಲೆ ಐದು ಕಿಲೋ ಅಕ್ಕಿಯ ಚೀಲವನ್ನು ಹೇರಿ, ಮತ್ತೆ ನೋಡಿ. ಸಂಖ್ಯೆ ಏರುವುದು ಕಣ್ಣಿಗೇ ಕಾಣುತ್ತದೆ.

ಇಡೀ ಪ್ರಯೋಗದ ತಿರುಳು ಈ ಏರಿಕೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗಾಳಿಯ ಬದಲು ಒಂದು ವಸ್ತು ತುಂಬಿದಾಗ ಕೆಪಾಸಿಟೆನ್ಸ್ ಎಷ್ಟು ಪಟ್ಟಾಗುತ್ತದೆ ಎಂಬುದೇ ಆ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ. ಹಾಳೆಯ ಸ್ಥಿರಾಂಕವನ್ನು 3 ಎಂದು ಹಿಡಿದರೆ ಸುಮಾರು 10.6 ನ್ಯಾನೊಫ್ಯಾರಡ್ ಬರಬೇಕು. ಆದರೆ ಹಾಳೆಯ ಜೊತೆಗೆ 0.1 ಮಿ.ಮೀ. ಗಾಳಿಯೂ ಉಳಿದುಕೊಂಡರೆ ಅದು 2.7ರಷ್ಟಕ್ಕೆ, ಅಂದರೆ ಕಾಲು ಭಾಗಕ್ಕೆ, ಇಳಿದುಬಿಡುತ್ತದೆ. ಪಠ್ಯಪುಸ್ತಕಗಳು ಸ್ಥಿರಾಂಕದ ಪಟ್ಟಿಯನ್ನು ಕೊಟ್ಟು ಸುಮ್ಮನಾಗುತ್ತವೆ. ಸುಕ್ಕಿನೊಳಗೆ ಅಡಗಿ ಕುಳಿತ ಗಾಳಿ ಮಾಡುವ ಹಾನಿಯನ್ನು ಹೇಳುವುದಿಲ್ಲ.

ಹಂತ 4: ಹಾಳೆ ತೆಗೆದು, ಅಷ್ಟೇ ದಪ್ಪದ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನು ಇಡಿ. ಇದರ ಸ್ಥಿರಾಂಕ ಸುಮಾರು 3.2 ಆಗಿರುವುದರಿಂದ, ಗಾಳಿ ಪೂರ್ತಿ ಹೋದರೆ 11 ನ್ಯಾನೊಫ್ಯಾರಡ್ ದಾಟಬೇಕು.

ಅವಾಹಕದಲ್ಲಿ ವಿದ್ಯುತ್ ಹರಿಯುವುದೇ ಇಲ್ಲವಾದರೆ ಈ ಹೆಚ್ಚಳ ಎಲ್ಲಿಂದ ಬಂತು? ಅವಾಹಕದೊಳಗಿನ ಆವೇಶಗಳು ಲೋಹದಲ್ಲಿರುವಂತೆ ಓಡಾಡಲಾರವು, ಆದರೆ ತಮ್ಮ ಅಣುವಿನ ಮಿತಿಯೊಳಗೇ ತುಸು ಸರಿಯಬಲ್ಲವು ಅಥವಾ ತಿರುಗಬಲ್ಲವು. ಹಾಗಾಗಿ ಧನ ಫಾಯಿಲ್‌ನ ಪಕ್ಕದ ಮೇಲ್ಮೈಯಲ್ಲಿ ಋಣ ಆವೇಶವೂ, ಋಣ ಫಾಯಿಲ್‌ನ ಪಕ್ಕದಲ್ಲಿ ಧನ ಆವೇಶವೂ ಮೂಡಿ, ನಡುವಿನ ವಿದ್ಯುತ್ ಕ್ಷೇತ್ರವನ್ನು ಭಾಗಶಃ ರದ್ದುಮಾಡುತ್ತವೆ. ಕ್ಷೇತ್ರ ಕುಗ್ಗಿದಾಗ ಅದೇ ವೋಲ್ಟೇಜಿನಲ್ಲಿ ಇನ್ನಷ್ಟು ಆವೇಶ ಫಾಯಿಲ್‌ಗಳ ಮೇಲೆ ಬಂದು ಕೂರಲು ಜಾಗವಾಗುತ್ತದೆ. ಬೇರೆ ಬೇರೆ ಅವಾಹಕಗಳಲ್ಲಿ ಈ ಗುಣ ಬೇರೆ ಬೇರೆ ಎಂಬುದನ್ನು ಮೈಕೆಲ್ ಫ್ಯಾರಡೆ 1837ರಲ್ಲಿ ಅಳೆದು ತೋರಿಸಿದರು. ಫ್ಯಾರಡ್ ಎಂಬ ಮಾನದ ಹೆಸರು ಅವರದೇ.

ಹಂತ 5: ಬಜ್ಜಿ ಇಟ್ಟ ಪೇಪರ್ ಎಣ್ಣೆ ಹೀರಿ ಪಾರದರ್ಶಕವಾಗುವುದನ್ನು ನೋಡಿರುತ್ತೀರಿ. ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ಆಕ್ರಮಿಸಿದ್ದರಿಂದ ಹಾಗಾಗುತ್ತದೆ. ಎ4 ಹಾಳೆಯೊಂದನ್ನು ಇಸ್ತ್ರಿ ಪೆಟ್ಟಿಗೆಯಿಂದ ಚೆನ್ನಾಗಿ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಹೆಚ್ಚಿನದನ್ನು ಒರೆಸಿ, ಅದೇ ಅಕ್ಕಿ ಚೀಲದ ಕೆಳಗೆ ಅಳೆಯಿರಿ. ಎಣ್ಣೆಯ ಸ್ಥಿರಾಂಕವೂ 3ರ ಆಸುಪಾಸಿನಲ್ಲಿರುವುದರಿಂದ, ಹಾಳೆಯೊಳಗಿನ ಗಾಳಿಯ ಜೊತೆಗೆ ಫಾಯಿಲ್ ಮತ್ತು ಹಾಳೆಯ ನಡುವಿನ ಗಾಳಿಯೂ ಹೊರಬಿದ್ದು, ಅಳತೆ ಒಣ ಹಾಳೆಯದಕ್ಕಿಂತ ಮೇಲೇರುತ್ತದೆ. ಹಿಂದಿನ ಕಾಲದ ಕಾಗದದ ಕೆಪಾಸಿಟರ್‌ಗಳಲ್ಲಿಯೂ ಕಾಗದಕ್ಕೆ ಎಣ್ಣೆಯನ್ನೋ ಮೇಣವನ್ನೋ ಕುಡಿಸುತ್ತಿದ್ದರು.

ನೀರಿನ ಸ್ಥಿರಾಂಕ ಸುಮಾರು 80 ಇರುವಾಗ ನೀರನ್ನೇ ಏಕೆ ಬಳಸಬಾರದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಲ್ಲಿ ನೀರಿನಲ್ಲಿ ಕರಗಿರುವ ಲವಣಗಳು ವಿದ್ಯುತ್ತನ್ನು ಒಯ್ಯುವುದರಿಂದ ಆವೇಶ ನಿಲ್ಲದೆ ಸೋರಿಹೋಗುತ್ತದೆ, ಮೀಟರ್ ಅರ್ಥವಿಲ್ಲದ ಅಂಕಿಗಳನ್ನು ತೋರಿಸುತ್ತದೆ. ಮಳೆಗಾಲದಲ್ಲಿ ತಂಡಿ ಹಿಡಿದ ಹಾಳೆಯೂ ಇದೇ ತಂಟೆ ಮಾಡುತ್ತದೆ. ಇಸ್ತ್ರಿ ಮಾಡಲು ಹೇಳಿದ್ದು ಅದಕ್ಕಾಗಿ.

ಇನ್ನು ಫ್ಯಾನಿನ ಕಂಡೆನ್ಸರ್. ಅದರಲ್ಲಿ ಬಳಸುವ ಪಾಲಿಪ್ರೊಪಿಲೀನ್‌ನ ಸ್ಥಿರಾಂಕ ಬರೀ 2.2, ನಮ್ಮ ಪಾಲಿಯೆಸ್ಟರ್ ಹಾಳೆಗಿಂತಲೂ ಕಡಿಮೆ. ಆದರೂ ಅದನ್ನೇ ಆರಿಸುತ್ತಾರೆ, ಏಕೆಂದರೆ ಅದು ಕೆಲವೇ ಮೈಕ್ರೊಮೀಟರ್ ತೆಳುವಾದರೂ ವೋಲ್ಟೇಜನ್ನು ತಡೆದುಕೊಳ್ಳುತ್ತದೆ, ಬಿಸಿಯಾಗಿ ಪೋಲಾಗುವ ಶಕ್ತಿಯೂ ತೀರಾ ಕಡಿಮೆ. ಮೇಲಾಗಿ ಲೋಹವನ್ನು ಹಾಳೆಯ ಮೈಗೇ ಆವಿಯಾಗಿ ಲೇಪಿಸುವುದರಿಂದ ಆ ಎರಡರ ನಡುವೆ ಗಾಳಿಗೆ ಎಡೆಯೇ ಇರುವುದಿಲ್ಲ. 0.1 ಮಿ.ಮೀ. ಪಾಲಿಯೆಸ್ಟರ್‌ನಲ್ಲಿ 2.5 ಮೈಕ್ರೊಫ್ಯಾರಡ್ ಪಡೆಯಲು ನಮ್ಮ ಅಳತೆಯ ಸುಮಾರು 220 ಜೋಡಿಗಳನ್ನು ಒಟ್ಟುಗೂಡಿಸಬೇಕು, ಅಂದರೆ ಹತ್ತಿರ ಹತ್ತಿರ 9 ಚದರ ಮೀಟರ್. 6 ಮೈಕ್ರೊಮೀಟರ್ ಪಾಲಿಪ್ರೊಪಿಲೀನ್ ಆದರೆ ಮುಕ್ಕಾಲು ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಸಾಕು, ಮತ್ತು ಅಷ್ಟನ್ನೂ ಸುರುಳಿ ಸುತ್ತಿದರೆ ಮುಷ್ಟಿಯೊಳಗೆ ಹಿಡಿಸುತ್ತದೆ.