ಸರ್ವರ್ ಬೋರ್ಡ್‌ನಲ್ಲಿ ಮನೆ ರೌಟರ್: 85 ವ್ಯಾಟ್‌ನಿಂದ 17ಕ್ಕೆ

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳ ಕರೆಂಟ್ ಬಿಲ್ ಇನ್ನೂ ನನ್ನ ಪರ್ಸ್‌ನಲ್ಲಿದೆ. 208 ಯೂನಿಟ್. ಅಲ್ಲಿಯವರೆಗೆ ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಸೊನ್ನೆ ಬಿಲ್ಲು. ಬೇಸಿಗೆಯಲ್ಲಿ ನಮಗೆ ನಿಗದಿಯಾದ ಉಚಿತ ಲಿಮಿಟ್ ಸ್ವಲ್ಪ ದಾಟಿದರೆ ನೂರೋ ಇನ್ನೂರೋ ಕಟ್ಟುತ್ತಿದ್ದೆವು, ಅಷ್ಟೇ. 200 ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೆ ಅನ್ನೋದು ಗೊತ್ತಿತ್ತು. ದಾಟೋರು ನಾವೇ ಅಂತ ಗೊತ್ತಿರಲಿಲ್ಲ. ಸಾವಿರದ ಆರುನೂರೋ ಏಳುನೂರೋ ಬಂತು. ಅವ್ವ ಬಿಲ್ ಹಿಡ್ಕೊಂಡು ಸೀದಾ ಮೆಟ್ಟಿಲ ಕೆಳಗಿನ ಗೂಡಿನ ಹತ್ತಿರ ಹೋಗಿ ನಿಂತಳು. ಅಲ್ಲಿ ನನ್ನ 1ಯು ಸರ್ವರ್ (ರ‍್ಯಾಕ್‌ನಲ್ಲಿ ಕೂರಿಸುವ ಚಪ್ಪಟೆ ಕಂಪ್ಯೂಟರ್) ಕೂಗುತ್ತಿತ್ತು, ಮನೆಯ ಇಂಟರ್ನೆಟ್ ರೌಟರ್ ಅದೇ.

"ಇದೇ ಅಲ್ಲೇನಪ್ಪಾ ತಿಂದಿದ್ದು? ಮನ್ಯಾಗೆ ಕಾಟನ್ ಮಿಲ್ ಇಟ್ಕಂಡಂಗೆ ಆಗೇತಿ."

ನನ್ನದು ದಾವಣಗೆರೆಯಲ್ಲಿ ಸಿಸಿಟಿವಿ ಮತ್ತು ನೆಟ್‌ವರ್ಕ್ ಕೆಲಸ. ಇಪ್ಪತ್ತು, ಇಪ್ಪತ್ತೈದು ಅಂಗಡಿ ಮತ್ತು ಗೋಡೌನ್‌ಗಳ ಕ್ಯಾಮೆರಾ ವೈರ್‌ಗಾರ್ಡ್ ಎಂಬ ಗುಪ್ತ (ವಿಪಿಎನ್) ದಾರಿಯ ಮೂಲಕ ನಮ್ಮ ಮನೆಗೇ ಬಂದು ಸೇರುತ್ತದೆ. ಎರಡು ಫೈಬರ್ ಲೈನ್, ಒಂದಕ್ಕೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ. ಮೂರು ಸಾವಿರದ ಪ್ಲಾಸ್ಟಿಕ್ ರೌಟರ್‌ಗಳು ಮಾರ್ಚ್ ಬಂದರೆ ಸಾಕು, ಮಧ್ಯಾಹ್ನ ಎರಡು ಗಂಟೆಗೆ ಹ್ಯಾಂಗ್ ಆಗುತ್ತಿದ್ದವು. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹಳೇ 1ಯು ಸರ್ವರ್ ಒಂದನ್ನು ಆರೂವರೆ ಸಾವಿರಕ್ಕೆ ತಂದೆ. ರೈಲಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ಬಂದಿದ್ದೆ. ರೌಟರ್ ಆಗಿ ಅದು ಚಿನ್ನ, ಒಂದು ದಿನವೂ ನಿಲ್ಲಲಿಲ್ಲ. ಆದರೆ ಸುಮ್ನೆ ಕೂತಿದ್ದರೂ 85 ವ್ಯಾಟ್. ತಿಂಗಳಿಗೆ 61 ಯೂನಿಟ್. ಇದನ್ನು ಲೆಕ್ಕ ಹಾಕಿದ್ದು ಬಿಲ್ ಬಂದ ಮೇಲೆ, 900 ರೂಪಾಯಿಯ ಪ್ಲಗ್ ಮೀಟರ್ ತಂದ ಮೇಲೆ. ಆ ಮೀಟರ್ ಮೊದಲೇ ತಂದಿದ್ದರೆ ಅವ್ವನ ಬಾಯಿಂದ ಕೇಳೋದು ತಪ್ಪುತ್ತಿತ್ತು.

ಅಂಗಡಿ ಪಕ್ಕದ ಗೆಳೆಯ, ಅವನೂ ಇದೇ ಕೆಲಸದವನು, ಹೇಳಿದ: "ಸರ್ವರ್ ಸಾಮಾನು ಅಂದ್ರೆ ಆನೆ ಸಾಕಿದಂಗೆ ಕಣೋ. ನಿಂಗ್ಯಾಕೆ ಬೇಕಿತ್ತು? ಒಂದು ಎನ್100 ಡಬ್ಬಿ ತಗೊಂಡು ಸುಮ್ನಿರು." ವ್ಯಾಟ್ ಮಟ್ಟಿಗೆ ಅವನ ಮಾತು ಸರಿ. ಇಂಟೆಲ್‌ನ ಎನ್100 ಚಿಪ್ ಇರುವ ಆ ಪುಟ್ಟ ಕಂಪ್ಯೂಟರ್‌ಗಳು ಹತ್ತು ವ್ಯಾಟ್ ಆಸುಪಾಸಿನಲ್ಲಿ ಓಡುತ್ತವೆ. ಆದರೆ ನನಗೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಬೇಕಿತ್ತು, ಮಾನಿಟರ್ ಇಲ್ಲದೆ ಬಯೋಸ್‌ಗೆ (ಬೋರ್ಡ್‌ನ ಮೂಲ ಸೆಟ್ಟಿಂಗ್) ಹೋಗೋಕೆ ಬಿಎಂಸಿ (ದೂರದಿಂದ ಬೋರ್ಡ್ ನಿಯಂತ್ರಿಸುವ ಬೇರೆ ಚಿಪ್) ಬೇಕಿತ್ತು. ಹಟವೂ ಸ್ವಲ್ಪ ಇತ್ತು ಅನ್ನಿ.

ಎರಡನೇ ಸುತ್ತು ಇಂಟೆಲ್‌ನ ಸರ್ವರ್ ಪ್ರೊಸೆಸರ್ ಕ್ಸಿಯಾನ್ ಇ3 ವಿ5. ಮೈಕ್ರೋ ಎಟಿಎಕ್ಸ್ ಬೋರ್ಡ್, ಪ್ರೊಸೆಸರ್ ಸೇರಿ ಎಂಟು ಸಾವಿರ. ಇಲ್ಲಿ ನಾನು ಮಾಡಿದ ತಪ್ಪು ಈ ಕಸುಬಿನಲ್ಲಿ ಇರುವವನು ಮಾಡಬಾರದ್ದು. ಡಿಡಿಆರ್4 ಇಸಿಸಿ ಅಂತ ಕಂಡಿತು, 8 ಜಿಬಿಯ ಎರಡು ಮೆಮೊರಿ ಕಡ್ಡಿ 2,200ಕ್ಕೆ ಸಿಕ್ಕಿತು, ಕಣ್ಣು ಮುಚ್ಚಿ ತಂದೆ. ಅದು ರಿಜಿಸ್ಟರ್ಡ್, ಅಂದರೆ ನಡುವೆ ಒಂದು ಬಫರ್ ಚಿಪ್ ಇರುವ ಜಾತಿ. ಇ3ಗೆ ಬೇಕಾಗೋದು ಅದಿಲ್ಲದ ಅನ್‌ಬಫರ್ಡ್. ಸ್ಲಾಟ್‌ನಲ್ಲಿ ಸರಿಯಾಗಿ ಕೂರುತ್ತದೆ, ಕ್ಲಿಪ್ಪೂ ಬೀಳುತ್ತದೆ, ಬೋರ್ಡ್ ಮಾತ್ರ ಪೀಂ ಪೀಂ ಅಂತ ಬಡಿದುಕೊಳ್ಳುತ್ತದೆ. ಒಂದಿಡೀ ರಾತ್ರಿ ಬೋರ್ಡ್ ಸತ್ತಿದೆ ಅಂದುಕೊಂಡು ಮಾರಿದವನಿಗೆ ಬೈದಿದ್ದೇನೆ. ಬೆಳಿಗ್ಗೆ ಕಡ್ಡಿಯ ಸ್ಟಿಕರ್ ಮೇಲಿನ ಆರ್ ಅಕ್ಷರ ನೋಡಿ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ಕಡ್ಡಿ ವಾಪಸ್ ತಗೊಳ್ಳಲಿಲ್ಲ. ಗೆಳೆಯ ಅದನ್ನು ಕೀ ಚೈನ್ ಮಾಡ್ಕೋ ಅಂದ. ನಾನು ಡ್ರಾಯರ್‌ಗೆ ಹಾಕಿದೆ.

ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್ ಆನ್‌ಲೈನ್‌ನಲ್ಲಿ ತರಿಸಿದ್ದು ಇನ್ನೊಂದು ಎಡವಟ್ಟು. ಇಂಟೆಲ್ ಐ350 ಅಂತ ಬರೆದಿತ್ತು, ಬೆಲೆ ನೋಡಿದಾಗಲೇ ಅನುಮಾನ ಬರಬೇಕಿತ್ತು. ಬಿಸಿಲೇರಿದಂತೆ ಮೂರನೇ ಪೋರ್ಟಿನ ಲಿಂಕ್ ಬಿದ್ದು ಏಳುತ್ತಿತ್ತು. ನಕಲಿ ಮಾಲು. ಈಗ ಅಂಗಡಿಯಲ್ಲಿ ಹುಡುಗರಿಗೆ ಅಸಲಿ ನಕಲಿ ತೋರಿಸೋಕೆ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಆದರೂ ಇ3 ಒಂಬತ್ತು ತಿಂಗಳು ಓಡಿತು. ಗೋಡೆ ಪ್ಲಗ್‌ನಲ್ಲಿ 36 ವ್ಯಾಟ್, ತಿಂಗಳಿಗೆ 26 ಯೂನಿಟ್. ಬಿಲ್ ಮತ್ತೆ ಇನ್ನೂರರೊಳಗೆ ಬಂತು. ಅವ್ವ ಸುಮ್ಮನಾದಳು. ನನಗೆ ಸಮಾಧಾನ ಇಲ್ಲ. ಪ್ರೊಸೆಸರ್ ನೋಡಿದರೆ ಎಂಟ್ಹತ್ತು ವ್ಯಾಟ್ ತಿನ್ನುತ್ತಿದೆ, ಉಳಿದದ್ದು ಎಲ್ಲಿಗೆ ಹೋಗುತ್ತಿದೆ?

ಉತ್ತರ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿತ್ತು. 450 ವ್ಯಾಟ್‌ನ ಎಸ್‌ಎಂಪಿಎಸ್‌ಗೆ 20 ವ್ಯಾಟ್ ಲೋಡ್ ಕೊಟ್ಟರೆ, ತಾನೇ ಹತ್ತು ಹನ್ನೆರಡು ವ್ಯಾಟ್ ನುಂಗುತ್ತದೆ. ಒಂದು ಚೀಲ ಮಂಡಕ್ಕಿ ತರೋಕೆ ಲಾರಿ ಬಾಡಿಗೆ ಹಿಡಿದಂತೆ. ಸರ್ವರ್ ಬೋರ್ಡ್ ಆನೆ ಅಲ್ಲ, ಅದರ ಜೊತೆ ಬರುವ ಸಪ್ಲೈ ಮತ್ತು ಫ್ಯಾನ್ ಆನೆ. ಇದನ್ನು ಗೆಳೆಯನಿಗೆ ಹೇಳಿದೆ. "ಹೌದಾ, ಮಾಡಿ ತೋರಿಸು" ಅಂದ.

ಆಮೇಲೆ ಹುಡುಕಿದ್ದು ನೇರ 12 ವೋಲ್ಟ್ ತಗೊಳ್ಳುವ, ಮಿನಿ ಐಟಿಎಕ್ಸ್ ಅಳತೆಯ ಪುಟ್ಟ ಸರ್ವರ್ ಬೋರ್ಡ್. ಇಂಟೆಲ್ ಆಟಮ್ ಸಿ3558 ಚಿಪ್, ನಾಲ್ಕು ಕೋರ್, 16 ವ್ಯಾಟ್ ಟಿಡಿಪಿ (ಚಿಪ್ ಹೊರಹಾಕುವ ಶಾಖದ ಲೆಕ್ಕ), ಬೋರ್ಡ್ ಮೇಲೇ ನಾಲ್ಕು ಲ್ಯಾನ್ ಪೋರ್ಟ್, ಬಿಎಂಸಿಗೆ ಬೇರೆ ಪೋರ್ಟ್. ಇದಕ್ಕಿಂತ ಹಿಂದಿನ ಸಿ2000 ಸಾಲಿನ ಬೋರ್ಡ್ ಅರ್ಧ ಬೆಲೆಗೆ ಸಿಗುತ್ತಿತ್ತು. ಆ ಸಾಲಿನ ಹಳೇ ಚಿಪ್‌ಗಳಲ್ಲಿ ಕ್ಲಾಕ್ ಸಿಗ್ನಲ್ ಸವೆದು ಬೋರ್ಡ್ ಏಳದೇ ಹೋಗುವ ದೋಷ 2017ರಲ್ಲೇ ಹೊರಬಿದ್ದಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅದರ ಸಹವಾಸ ಬೇಡ ಅನ್ನಿಸಿತು. ಸಿ3558 ಬೋರ್ಡ್‌ಗೆ ಮಾರುವವನು ಹದಿನಾಲ್ಕು ಸಾವಿರ ಕೇಳಿದ, ಹನ್ನೊಂದೂವರೆಗೆ ಇಳಿದ. ಎಲ್ಲಿ ತಂದೆ ಅಂತ ಮಾತ್ರ ಕೇಳಬೇಡಿ. ಅವನ ಹತ್ತಿರ ಇನ್ನೂ ಮೂರು ಇವೆ, ಅವು ನನಗೇ ಬೇಕು.

ಈಗ ಡ್ರಾಯರ್ ನೆನಪಾಯಿತು. ಈ ಬೋರ್ಡ್ ಅನ್‌ಬಫರ್ಡ್ ಜೊತೆಗೆ ರಿಜಿಸ್ಟರ್ಡ್ ಕಡ್ಡಿಯನ್ನೂ ತಗೊಳ್ಳುತ್ತದೆ! ಕೀ ಚೈನ್ ಆಗಬೇಕಿದ್ದ ಕಡ್ಡಿ ಹಾಕಿದೆ, ಮೊದಲ ಸಲಕ್ಕೇ ಎದ್ದಿತು. ಆ ದಿನ ಗೆಳೆಯನಿಗೆ ಬೆಣ್ಣೆ ದೋಸೆ ಕೊಡಿಸಿದ್ದು ನಾನೇ, ಆದರೆ ಮಾತಾಡಿದ್ದೂ ಪೂರ್ತಿ ನಾನೇ.

ಮೊದಲು ಹಳೇ ಎಸ್‌ಎಂಪಿಎಸ್‌ನಲ್ಲೇ ಅಳೆದೆ: 31 ವ್ಯಾಟ್. ಅದನ್ನು ತೆಗೆದು ಅಂಗಡಿಯಲ್ಲಿದ್ದ ಕ್ಯಾಮೆರಾ ಅಡಾಪ್ಟರ್, 12 ವೋಲ್ಟ್ 5 ಆಂಪ್, ಹಾಕಿದೆ: 20. ಇಲ್ಲೇ ಹನ್ನೊಂದು ವ್ಯಾಟ್ ಉಳಿಯಿತು. ಆದರೆ ಬೂಟ್ ಆಗುವಾಗ ಎರಡು ಸಲಕ್ಕೊಮ್ಮೆ ತಾನಾಗೇ ರೀಸ್ಟಾರ್ಟ್. ಮೆಮೊರಿ ಬಿಚ್ಚಿದೆ, ಎಸ್‌ಎಸ್‌ಡಿ ಬದಲಿಸಿದೆ, ಬಯೋಸ್ ಕೆದಕಿದೆ, ಮೂರು ದಿನ ಹೋಯಿತು. ಕೊನೆಗೆ ಅಡಾಪ್ಟರ್‌ಗೆ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಕಟ್ಟಿ ಮಲ್ಟಿಮೀಟರ್ ಹಿಡಿದೆ. ಆ ಬಲ್ಬ್ ಎಳೆಯೋದು ನಾಲ್ಕೂವರೆ ಆಂಪ್. ಅಡಾಪ್ಟರ್ 10.4 ವೋಲ್ಟ್‌ಗೆ ಕುಸಿಯಿತು. ಮೇಲೆ 5 ಆಂಪ್ ಅಂತ ಬರೆದಿದ್ದು ಬರೀ ಸ್ಟಿಕರ್. ಅಂಗಡಿಯಲ್ಲಿದ್ದ ಎಲ್ಲ ಅಡಾಪ್ಟರ್‌ಗಳಿಗೂ ಆ ಬಲ್ಬ್ ಕಟ್ಟಿ ನೋಡಿದೆ, ಒಂಬತ್ತರಲ್ಲಿ ಮೂರು ಮಾತ್ರ ಪಾಸು. ಈಗ ಗಿರಾಕಿಗೆ ಕೊಡುವ ಪ್ರತಿ ಅಡಾಪ್ಟರ್‌ಗೂ ಬಲ್ಬ್ ಪರೀಕ್ಷೆ ಇದೆ. ಮನೆಗೆ ತಗಡಿನ ಜಾಲರಿ ಕವಚದ 10 ಆಂಪ್ ಸಪ್ಲೈ ಹಾಕಿಕೊಂಡೆ, ಸುಮಾರು 850 ರೂಪಾಯಿ. ಬಯೋಸ್‌ನಲ್ಲಿ ಬೇಡದ ಸಾಟಾ (ಡಿಸ್ಕ್) ಪೋರ್ಟ್ ಮುಚ್ಚಿದೆ, ಎರಡರಲ್ಲಿ ಒಂದು ಕಡ್ಡಿ ತೆಗೆದೆ. 17ಕ್ಕೆ ಇಳಿಯಿತು. ತಿಂಗಳಿಗೆ ಹನ್ನೆರಡು ಯೂನಿಟ್ ಚಿಲ್ಲರೆ.

ಬಿಎಂಸಿ ಒಂದೇ ಮೂರು ನಾಲ್ಕು ವ್ಯಾಟ್ ತಿನ್ನುತ್ತದೆ. ರೌಟರ್ ಆಫ್ ಮಾಡಿದರೂ ಅದು ಎಚ್ಚರವೇ. ಹೊರಗಿದ್ದಾಗ ರೌಟರ್ ಕೈಕೊಟ್ಟರೆ ಬಿಎಂಸಿಯಿಂದ ಸರಿ ಮಾಡಬಹುದು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಒಮ್ಮೆ ಚಿತ್ರದುರ್ಗದ ಸೈಟಿನಲ್ಲಿದ್ದಾಗ ಕೈಕೊಟ್ಟಿತು. ಆಗ ಹೊಳೆಯಿತು: ಬಿಎಂಸಿಗೆ ಹೊರಗಿನಿಂದ ಹೋಗಬೇಕಾದ ದಾರಿಯೂ ಅದೇ ರೌಟರ್ ಅಲ್ವಾ! ಮಗಳಿಗೆ ಫೋನ್ ಮಾಡಿ ಸ್ವಿಚ್ ಆರಿಸಿ ಹಾಕಿಸಿದೆ. ಈಗ ಬಿಎಂಸಿಯ ತಂತಿ ಎರಡನೇ ಲೈನಿನ ಸಣ್ಣ ರೌಟರ್‌ಗೆ ಹೋಗಿದೆ.

ಬಾಕ್ಸ್ ವಿಷಯಕ್ಕೆ ಬಂದರೆ, ರೆಡಿಮೇಡ್ ಐಟಿಎಕ್ಸ್ ಕೇಸ್‌ಗೆ ನಾಲ್ಕು ಸಾವಿರ ಕೊಡೋ ಮನಸ್ಸಿರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎಂಸಿಬಿ ಕೂರಿಸುವ ತಗಡಿನ ಡಬ್ಬಿ ತಗೊಂಡೆ, 650 ರೂಪಾಯಿ. ಬೋರ್ಡ್ ಇರೋದೇ 17 ಸೆಂಟಿಮೀಟರ್ ಚೌಕ. ಪಿಬಿ ರಸ್ತೆಯ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಪೋರ್ಟ್‌ಗೆ ಕಿಂಡಿ, ಮೇಲೆ ಕೆಳಗೆ ತೂತು ಹೊಡೆಸಿದೆ. ಅವನು ಮೀಟರ್ ಬೋರ್ಡ್ ಅಂದುಕೊಂಡು ಬಾಗಿಲಿಗೆ ಕೆಂಪು ಮಿಂಚಿನ ಚಿಹ್ನೆಯನ್ನೂ ಬರೆದುಕೊಟ್ಟ. ಅಳಿಸಲಿಲ್ಲ. ಮಕ್ಕಳು ಮುಟ್ಟಲ್ಲ.

ಫ್ಯಾನ್ ಇಲ್ಲದೆ ಓಡಿಸಿ ನೋಡಿದೆ. ಜನವರಿಯಲ್ಲಿ ಪರವಾಗಿಲ್ಲ. ಮಾರ್ಚ್ ಕೊನೆಗೆ ಚಿಪ್ 84 ಡಿಗ್ರಿ ತೋರಿಸಿತು. ಈ ಬೋರ್ಡ್‌ಗಳ ಹೀಟ್ ಸಿಂಕ್ ಮಾಡಿರೋದೇ ರ‍್ಯಾಕ್‌ನ ಗಾಳಿ ನಂಬಿಕೊಂಡು, ದಾವಣಗೆರೆ ಬಿಸಿಲಿನ ಮುಚ್ಚಿದ ಡಬ್ಬಿಗಲ್ಲ. 80 ಎಂಎಂನ ನಿಧಾನ ತಿರುಗುವ ಫ್ಯಾನ್ ಹಾಕಿದೆ. ಹೊಸ ತಕರಾರು: ಹತ್ತು ಸೆಕೆಂಡ್ ತಣ್ಣಗಿರುತ್ತದೆ, ಆಮೇಲೆ ಭೋರ್ ಅಂತ ಫುಲ್ ಸ್ಪೀಡ್, ಮತ್ತೆ ತಣ್ಣಗೆ. ರಾತ್ರಿಯಿಡೀ ಹೀಗೆ ಉಸಿರಾಡುತ್ತಿತ್ತು. ಫ್ಯಾನ್ 500 ಸುತ್ತಿನ ಆಸುಪಾಸು ತಿರುಗಿದರೆ ಬಿಎಂಸಿ ಅದನ್ನು ಸತ್ತ ಫ್ಯಾನ್ ಅಂತ ಲೆಕ್ಕ ಹಾಕಿ ಪೂರ್ತಿ ಓಡಿಸುತ್ತದೆ. ಬಿಎಂಸಿಯ ಸೆಟ್ಟಿಂಗ್ ಬದಲಿಸುವ ಐಪಿಎಂಐಟೂಲ್‌ನಲ್ಲಿ ಆ ಫ್ಯಾನ್‌ನ ಕೆಳಗಿನ ಮಿತಿಗಳನ್ನು 100, 200, 300ಕ್ಕೆ ಇಳಿಸಿದೆ, ಸದ್ದಡಗಿತು. ಈಗ ಅತಿ ಬಿಸಿಲಲ್ಲೂ 66 ದಾಟಿಲ್ಲ.

ಫೈಬರ್ ಹುಡುಗನದು ಬೇರೆ ಕಥೆ. ಅವರ ಓಎನ್‌ಟಿಯನ್ನು (ಫೈಬರ್ ಬಂದು ಸೇರುವ ಪೆಟ್ಟಿಗೆ) ಬ್ರಿಡ್ಜ್ ಮೋಡ್‌ಗೆ, ಅಂದರೆ ರೌಟರ್ ಕೆಲಸ ನನ್ನ ಡಬ್ಬಿಗೇ ಬಿಡುವಂತೆ, ಹಾಕಿಕೊಡಪ್ಪಾ ಅಂದರೆ, "ಸಾರ್, ಬ್ರಿಡ್ಜ್ ಮಾಡಿದ್ರೆ ಆಮೇಲೆ ಕಂಪ್ಲೇಂಟ್ ತಗಳ್ಳಲ್ಲ" ಅಂದ. ಸರಿ, ಬರೆದುಕೊಡ್ತೀನಿ ಅಂದೆ. ಲೈನ್ ಗುರುತಿಸುವ ವಿಲ್ಯಾನ್ ನಂಬರ್ ಕೊಡೋಕೆ ಎರಡು ವಾರ ಸತಾಯಿಸಿದ.

ರೌಟರ್ ಸಾಫ್ಟ್‌ವೇರ್ ಆಗಿ ಮೊದಲು ಒಪಿಎನ್‌ಸೆನ್ಸ್ ಹಾಕಿದ್ದೆ. ನನ್ನ 300 ಎಂಬಿಪಿಎಸ್ ಲೈನಿಗೆ ಏನೂ ತೊಂದರೆ ಇರಲಿಲ್ಲ. ಆದರೆ ನಾಳೆ ಗಿಗಾಬಿಟ್ ಬಂದರೆ? ಇ3 ಪೆಟ್ಟಿಗೆಯನ್ನು ಇನ್ನೂ ಮಾರಿರಲಿಲ್ಲ. ಅದನ್ನೇ ಪಿಪಿಪಿಒಇ (ಫೈಬರ್ ಲೈನಿಗೆ ಲಾಗಿನ್ ಆಗುವ ವಿಧಾನ) ಸರ್ವರ್ ಮಾಡಿ ನಡುವೆ ಒಂದು ಕೇಬಲ್ ಹಾಕಿ ಅಳೆದೆ. ಆರುನೂರರ ಹತ್ತಿರ ನಿಂತಿತು. ಒಂದು ಕೋರ್ ನೂರಕ್ಕೆ ನೂರು, ಉಳಿದ ಮೂರು ಆಕಳಿಸುತ್ತಿವೆ. ಒಪಿಎನ್‌ಸೆನ್ಸ್‌ನ ತಳಹದಿಯಾದ ಫ್ರೀಬಿಎಸ್‌ಡಿಯಲ್ಲಿ ಪಿಪಿಪಿಒಇ ಪ್ಯಾಕೆಟ್‌ಗಳು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು, ಅದರ ಫಲ ಇದು. ಅದೇ ಬೋರ್ಡ್‌ಗೆ ಲಿನಕ್ಸ್ ಮೂಲದ ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಎಲ್ಲ ಕೋರ್‌ಗೂ ಕೆಲಸ ಹಂಚುವ ಪ್ಯಾಕೆಟ್ ಸ್ಟಿಯರಿಂಗ್ ಆನ್ ಮಾಡಿದೆ, 900 ದಾಟಿತು. ಅಲ್ಲೇ ಉಳಿದುಕೊಂಡೆ. ಪ್ಯಾಕೆಟ್ ಗಾತ್ರಕ್ಕೆ ಮಿತಿ ಹಾಕುವ ಎಂಟಿಯು 1492 ಮತ್ತು ಎಂಎಸ್‌ಎಸ್ ಕ್ಲ್ಯಾಂಪ್ ಮರೆಯಬೇಡಿ. ಮರೆತಿದ್ದಕ್ಕೆ ಒಂದು ಬ್ಯಾಂಕಿನ ಪೇಜ್ ಮಾತ್ರ ತೆರೆಯದೆ, ನನ್ನ ಹೆಂಡತಿ ವಾರ ಪೂರ್ತಿ ಮೊಬೈಲ್ ಡೇಟಾದಲ್ಲಿ ಕೆಲಸ ಮಾಡಿದಳು. ಲೈನನ್ನು ಎಲ್ಲರಿಗೂ ಸಮನಾಗಿ ಹಂಚುವ ಕೇಕ್ ಶೇಪರ್‌ನಲ್ಲಿ 300 ಎಂಬಿಪಿಎಸ್‌ಗೆ 270 ಇಟ್ಟಿದ್ದೇನೆ. ಮಗಳ ಆನ್‌ಲೈನ್ ಕ್ಲಾಸ್ ನಡೆಯುವಾಗ ಕ್ಯಾಮೆರಾ ರೆಕಾರ್ಡಿಂಗ್ ಇಳಿಸಿದರೂ ಅವಳಿಗೆ ಗೊತ್ತಾಗಲ್ಲ.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬ್ಯಾಟರಿ. ಬೋರ್ಡ್ 12 ವೋಲ್ಟ್, ಓಎನ್‌ಟಿಯೂ 12 ವೋಲ್ಟ್. ಇನ್ವರ್ಟರ್ ಯಾಕೆ ಬೇಕು? 7 ಎಎಚ್‌ನ ಯುಪಿಎಸ್ ಬ್ಯಾಟರಿ ತಂದೆ. ಚಾರ್ಜ್ ತುಂಬಿದಾಗ ಅದು 13.7 ವೋಲ್ಟ್, ನೇರ ಕೊಡೋಕೆ ಧೈರ್ಯ ಸಾಲಲಿಲ್ಲ. ಎರಡು ಡಯೋಡ್ ಸಾಲಾಗಿ ಹಾಕಿ 1.4 ವೋಲ್ಟ್ ಇಳಿಸಿದೆ. ತುಂಬಿದ್ದಾಗ ಸರಿ, ಬ್ಯಾಟರಿ ಇಳಿಯುತ್ತಾ ಬಂದಂತೆ ಬೋರ್ಡ್‌ಗೆ ಹತ್ತೂವರೆ ಮಾತ್ರ ಸಿಕ್ಕಿ ಇಪ್ಪತ್ತೈದು ನಿಮಿಷಕ್ಕೇ ಮಲಗಿತು. ಡಯೋಡ್ ಕೈ ಸುಡುವಷ್ಟು ಬಿಸಿ. ಆಮೇಲೆ ಬಕ್ ಬೂಸ್ಟ್ ಮಾಡ್ಯೂಲ್, ಸುಮಾರು 700 ರೂಪಾಯಿ. ಬ್ಯಾಟರಿ ಎಷ್ಟೇ ಇರಲಿ, ಹೊರಗೆ 12. ಈಗ ಕರೆಂಟ್ ಹೋದರೆ ಎರಡೂಮುಕ್ಕಾಲು ಗಂಟೆ ತಡೆಯುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ತಿರುಗುವ ಆ ಕಣ್ಣು ಮಿಟುಕಿನಲ್ಲಿ ರೀಬೂಟ್ ಆಗದಂತೆ ಏನು ಹಾಕಿದ್ದೇನೆ ಅನ್ನೋದು ಹೇಳಲ್ಲ. ಅದನ್ನು ಈಗ ಅಂಗಡಿಗಳಿಗೆ ಮಾಡಿಕೊಡುತ್ತಿದ್ದೇನೆ, ಹೊಟ್ಟೆಪಾಡು. ಬ್ಯಾಟರಿ ತಂತಿಗೆ ಫ್ಯೂಸ್ ಮಾತ್ರ ಮರೆಯಬೇಡಿ, ಅದು ಗುಟ್ಟಲ್ಲ.

ದುಡ್ಡಿನ ಲೆಕ್ಕ: ಈಗ ಗೋಡೆ ಮೇಲಿರುವ ಡಬ್ಬಿಗೆ ಬ್ಯಾಟರಿ, ಎಸ್‌ಎಸ್‌ಡಿ ಸೇರಿ ಹದಿನೆಂಟು ಸಾವಿರದ ಹತ್ತಿರ. ದಾರಿಯಲ್ಲಿ ಕಳಕೊಂಡದ್ದನ್ನೂ ಸೇರಿಸಿದರೆ ಮೂವತ್ತು ದಾಟುತ್ತದೆ. ಇ3 ಮಾರಿ ಏಳು ಸಾವಿರ ಬಂತು. ಬರೀ ಸಿನಿಮಾ ನೋಡುವ ಮನೆಯವರಿಗೆ ಇದು ಬೇಡವೇ ಬೇಡ, ಮೂರು ಸಾವಿರದ್ದು ಸಾಕು. ನನ್ನದು ಹೋದ ಬೇಸಿಗೆ ಪೂರ್ತಿ ದಾಟಿದೆ. ಅಪ್‌ಡೇಟ್‌ಗೆ ಬಿಟ್ಟರೆ ನಿಂತಿದ್ದು ಚಿತ್ರದುರ್ಗದ ಆ ಒಂದು ದಿನ ಮಾತ್ರ. ಗೆಳೆಯ ಈಗ ತನ್ನ ಮನೆಗೂ ಒಂದು ಮಾಡಿಕೊಡು ಅಂತಿದ್ದಾನೆ. ಆನೆ ಸಾಕೋಕೆ ಜಾಗ ಇದೆಯೇನೋ ಅಂತ ಕೇಳಿದೆ.

1ಯು ಸರ್ವರ್ ಗುಜರಿಗೆ ಹೋಯಿತು. ಅದರ 40 ಎಂಎಂ ಫ್ಯಾನ್‌ಗಳಲ್ಲಿ ಎರಡನ್ನು ನಮ್ಮ ಬೀದಿಯ ದೋಸೆ ಹೋಟೆಲಿನವನು ಒಲೆ ಊದೋಕೆ ತಗೊಂಡ, ಚೆನ್ನಾಗಿ ಉರಿಯುತ್ತಂತೆ. ನನ್ನ ಡಬ್ಬಿಯಲ್ಲಿ ಉಳಿದಿರುವ ತಕರಾರು ಧೂಳು. ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದರೆ ತೂತಿಗೆ ಕಟ್ಟಿದ ಸೊಳ್ಳೆ ಪರದೆ ಮೂರು ವಾರಕ್ಕೆ ಕಪ್ಪಾಗುತ್ತದೆ. ಈ ಭಾನುವಾರ ಹಳೇ ಕೂಲರ್‌ನ ಸ್ಪಾಂಜ್ ಕತ್ತರಿಸಿ ಹಾಕಿ ನೋಡಬೇಕು.