ಅಜ್ಜಿಯ ಪೆಟ್ಟಿಗೆಯ ಹಳೇ ರೂಪಾಯಿ ಮಾರುವ ಮುನ್ನ

ಮೊದಲು ಒಂದು ಮಾತು: ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ. ಹಾಗೆ ಉಜ್ಜಿ ಫಳಫಳ ಅನ್ನಿಸಿದ ನಾಣ್ಯಕ್ಕೆ ಸಂಗ್ರಾಹಕರು ಅರ್ಧ ಬೆಲೆಯನ್ನೂ ಕೊಡಲ್ಲ. ಅಂಚು ಹಿಡಿದೇ ಎತ್ತಿ.

ಆಮೇಲೆ ಇಸವಿ ನೋಡಿ. ಬ್ರಿಟಿಷರ ಕಾಲದ ಒಂದು ರೂಪಾಯಿ 11.66 ಗ್ರಾಂ ತೂಗಬೇಕು. 1939ರವರೆಗಿನದರಲ್ಲಿ ಸುಮಾರು 91.7% ಬೆಳ್ಳಿ, 1940ರಿಂದ 1945ರವರೆಗಿನದರಲ್ಲಿ ಅರ್ಧದಷ್ಟೇ. ಹಿಂದೆ ಹುಲಿ ಇರುವ 1947ರದ್ದು ಬೆಳ್ಳಿಯೇ ಅಲ್ಲ, ನಿಕಲ್. ಅಯಸ್ಕಾಂತ ಹಿಡಿದರೆ ಟಪ್ಪಂತ ಅಂಟುತ್ತೆ. 1945ರವರೆಗಿನ ವಿಕ್ಟೋರಿಯಾ, ಜಾರ್ಜ್ ಬೆಳ್ಳಿ ರೂಪಾಯಿಗಳೂ ಹಾಗೆ ಅಂಟಿದರೆ ನಕಲಿ ಅಂತಲೇ ತಿಳ್ಕೊಳ್ಳಿ. ಸಾಮಾನ್ಯ ಇಸವಿಯದ್ದಾದರೆ ಆ ದಿನದ ಬೆಳ್ಳಿ ದರ ಲೆಕ್ಕ ಹಾಕಿ, ಅದಕ್ಕಿಂತ ಕಮ್ಮಿಗೆ ಕೊಡಬೇಡಿ.

ಅಪರೂಪದ್ದು ಅನ್ನಿಸಿದರೆ ಒಬ್ಬರ ಮಾತು ನಂಬದೆ, ನಾಣ್ಯ ಮೇಳದಲ್ಲಿ ಎರಡು ಮೂರು ವ್ಯಾಪಾರಿಗಳಿಗೆ ತೋರಿಸಿ. ಹರಾಜು ಸಂಸ್ಥೆಗಳ ಹಳೇ ಕ್ಯಾಟಲಾಗಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಸಿಗುತ್ತೆ. ಆನ್‌ಲೈನಲ್ಲಿ ಯಾರೋ ಕೇಳ್ತಿರೋ ಬೆಲೆ ಲೆಕ್ಕಕ್ಕಿಲ್ಲ.

"ವೈಷ್ಣೋದೇವಿ ಐದು ರೂಪಾಯಿಗೆ ಲಕ್ಷಗಟ್ಟಲೆ" ಅನ್ನೋ ವಾಟ್ಸಾಪ್ ಮೆಸೇಜು ಶುದ್ಧ ಬೊಗಳೆ. ಮುಂಗಡವಾಗಿ ಶುಲ್ಕ, ತೆರಿಗೆ ಕೇಳಿದರೆ ಫೋನ್ ಇಟ್ಟುಬಿಡಿ. ರಿಸರ್ವ್ ಬ್ಯಾಂಕ್ ಹೆಸರಲ್ಲೂ ಹೀಗೇ ಮೋಸ ನಡೀತಿದೆ ಅಂತ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.