ಹಂಪಿಯ ತಲೆಕೆಳಗಾದ ಗೋಪುರದ ತಂತ್ರ, ನಿಮ್ಮ ಮನೆಯ ಕೋಣೆಯಲ್ಲಿ

ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆಯಲ್ಲಿ ರಾಜಗೋಪುರ ತಲೆಕೆಳಗಾಗಿ ಗೋಡೆಗೆ ಬೀಳುತ್ತದೆ. ಜನ ಅದನ್ನು ನೆರಳು ಅಂತಾರೆ; ಅಲ್ಲ, ಅದು ಬೆಳಕಿನ ಚಿತ್ರ. ಗೋಪುರಕ್ಕೂ ಆ ಗೋಡೆಗೂ ನಡುವೆ ಒಂದು ಪುಟ್ಟ ಕಿಂಡಿ ಇದೆ; ಗೋಪುರದ ತುದಿಯ ಕಿರಣ ಅದನ್ನು ದಾಟಿ ಕೆಳಕ್ಕೆ ಇಳಿಯುತ್ತದೆ, ಬುಡದ್ದು ಮೇಲಕ್ಕೇರುತ್ತದೆ.

ಮನೆಯಲ್ಲಿ ಮಾಡಲು, ಎದುರಿಗೆ ಬಿಸಿಲು ಬಿದ್ದ ಮರವೋ ಕಟ್ಟಡವೋ ಇರುವ ಕಿಟಕಿ ಆರಿಸಿ. ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿ, ಸಂದಿಗಳಿಗೆ ಟೇಪ್ ಹಚ್ಚಿ. ಬಾಗಿಲ ಕೆಳಗಿನ ಸಂದಿ ಮರೆಯಬೇಡಿ, ಹೆಚ್ಚಿನವರ ಚಿತ್ರ ಕೆಡುವುದು ಅಲ್ಲೇ. ರಟ್ಟಿನಲ್ಲಿ 5 ಸೆಂ.ಮೀ. ಚೌಕ ಕತ್ತರಿಸಿ, ಅದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ನಡುವೆ 8 ಮಿ.ಮೀ. ದುಂಡನೆಯ ತೂತು ಮಾಡಿ. ದಪ್ಪ ರಟ್ಟಿಗೇ ತೂತು ಕೊರೆದರೆ ಓರೆ ಕಿರಣಗಳು ಅಂಚಿಗೆ ತಾಗಿ ಚಿತ್ರದ ಸುತ್ತ ಕಪ್ಪಾಗುತ್ತದೆ.

ಎರಡು ಮೀಟರ್ ದೂರದಲ್ಲಿ ಬಿಳಿ ಪಂಚೆ ಕಟ್ಟಿ. 20 ಮೀಟರ್ ಆಚೆಯ 10 ಮೀಟರ್ ಮರ ಅಲ್ಲಿ ಒಂದು ಮೀಟರ್ ಎತ್ತರಕ್ಕೆ, ಬಣ್ಣದ ಸಮೇತ ನೇತಾಡುತ್ತದೆ. ಮೊದಲು ಏನೂ ಕಾಣಿಸದು. ಕಣ್ಣು ಕತ್ತಲೆಗೆ ಒಗ್ಗಲು ಹತ್ತು ನಿಮಿಷ ಬೇಕು. ಚಿತ್ರದ ಅಂಚುಗಳು ಮಸುಕಾಗಿದ್ದರೆ ತೂತು ಚಿಕ್ಕದು ಮಾಡಿ, ಬೆಳಕು ಮಂಕಾಗಿದ್ದರೆ ಪಂಚೆಯನ್ನು ತೂತಿನ ಹತ್ತಿರ ತನ್ನಿ.